ಪಾಲಿಯೆಸ್ಟರ್ ಶರ್ಟ್ ಸುಕ್ಕಾಗಿದೆಯಾ?

ಇಸ್ತ್ರಿಪೆಟ್ಟಿ ಜೋರಾಗಿ ಕಾಯಿಸಬೇಡಿ! ಪಾಲಿಯೆಸ್ಟರ್ ಅಂದ್ರೆ ಒಂದು ಬಗೆಯ ಪ್ಲಾಸ್ಟಿಕ್. ಸುಮಾರು 70–80 ಡಿಗ್ರಿ ಬಿಸಿಗೇ ಅದರ ಎಳೆ ಮೆತ್ತಗಾಗುತ್ತೆ. ಹೇಗಿಟ್ಟು ಆರಿಸ್ತೀರೋ ಹಾಗೇ ನಿಲ್ಲುತ್ತೆ.

ಮೊದಲು ಲೇಬಲ್ ನೋಡಿ. ಇಸ್ತ್ರಿ ಚಿತ್ರದೊಳಗೆ ಒಂದು ಚುಕ್ಕೆ ಇದ್ದರೆ ಗರಿಷ್ಠ 110 ಡಿಗ್ರಿ, ಎರಡಿದ್ದರೆ 150. ಲೇಬಲ್ ಕಿತ್ತುಹೋಗಿದ್ದರೆ ಒಂದು ಚುಕ್ಕೆಯಿಂದಲೇ ಶುರುಮಾಡಿ.

ಶರ್ಟ್ ಒಳಮೈ ಹೊರಗೆ ಮಾಡಿ ಹಾಸಿ. ಮೇಲೆ ತೆಳು ಹತ್ತಿ ಬಟ್ಟೆ ಒದ್ದೆ ಮಾಡಿ, ಹಿಂಡಿ ಹಾಕಿ. ಹಳೇ ಪಂಚೆ ತುಂಡಾದರೂ ಸಾಕು. ಪೆಟ್ಟಿ ಒಂದೇ ಕಡೆ ನಿಲ್ಲಿಸಬೇಡಿ, ಎಳೆ ಚಪ್ಪಟೆಯಾಗಿ ಹೊಳಪಿನ ಕಲೆ ಉಳಿಯುತ್ತೆ.

ಬಿಸಿ ಇರುವಾಗಲೇ ಮಡಚಬೇಡಿ! ಹ್ಯಾಂಗರ್‌ಗೆ ಹಾಕಿ, ಪೂರ್ತಿ ಆರಲಿ. ಮುಂದಿನ ಸಲ ಒಗೆದಾಗ ಹಿಂಡದೇ, ಒಮ್ಮೆ ಕೊಡವಿ ಹ್ಯಾಂಗರ್‌ನಲ್ಲೇ ಒಣಹಾಕಿ. ಎಷ್ಟೋ ಸಲ ಇಸ್ತ್ರಿಯೇ ಬೇಕಾಗಲ್ಲ.