ಬೇಲೂರಿನ ಅತಿ ದೊಡ್ಡ ಶಿಲ್ಪಿ ‘ಗೊತ್ತಿಲ್ಲ’!

ಬೇಲೂರಿನ ಮದನಿಕೆಯರಲ್ಲಿ ಅತಿ ಹೆಚ್ಚು ಶಿಲ್ಪಗಳನ್ನು ಕೆತ್ತಿದವರು ಯಾರು? ನಾಲ್ಕನೇ ಸೆಮಿಸ್ಟರ್‌ನ ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ತೋರಿಸುವ ದಿನ ಪರೀಕ್ಷಕರ ಮುಂದೆ ನಾನೇ ಹುಮ್ಮಸ್ಸಿನಿಂದ ಈ ಪ್ರಶ್ನೆಯನ್ನು ಕಂಪ್ಯೂಟರ್‌ಗೆ ಕೇಳಿದೆ. ಪರದೆಯ ಮೇಲೆ ಬಂದ ಹೆಸರು: ಗೊತ್ತಿಲ್ಲ.

ಹಿಂದಿನ ಬೆಂಚಿನವರು ನಕ್ಕರು. ಪರೀಕ್ಷಕರು ನಗಲಿಲ್ಲ, ಅಂಕ ಕತ್ತರಿಸಿದರು. ತಪ್ಪು ನನ್ನದೇ. ಚೆನ್ನಕೇಶವ ದೇಗುಲದ 42 ಮದನಿಕೆಯರ ಪಟ್ಟಿ ಮಾಡುವಾಗ, ಕೆಳಗೆ ಶಿಲ್ಪಿಯ ಹೆಸರು ಇಲ್ಲದ ಕಡೆಗಳಲ್ಲೆಲ್ಲ ‘ಗೊತ್ತಿಲ್ಲ’ ಎಂದು ಟೈಪ್ ಮಾಡಿದ್ದೆ. ಕಂಪ್ಯೂಟರ್ ಅದನ್ನೂ ಒಬ್ಬ ಮನುಷ್ಯನ ಹೆಸರೆಂದೇ ಎಣಿಸಿತು. ಪಾಪ, ಅದಕ್ಕೇನು ಗೊತ್ತು!

ಕ್ಯಾಂಪಸ್ ಸಂದರ್ಶನದಲ್ಲಿ ‘ಒಂದು ಟೇಬಲ್ ವಿನ್ಯಾಸ ಮಾಡಿ ತೋರಿಸಿ’ ಎಂದು ಕೇಳುವುದು ಮಾಮೂಲು ಎನ್ನುತ್ತಾರೆ ನಮ್ಮ ಸೀನಿಯರ್‌ಗಳು. ಆದ್ದರಿಂದ ನನ್ನ ಎಡವಟ್ಟು ನಿಮಗಾದರೂ ಉಪಯೋಗಕ್ಕೆ ಬರಲಿ.

ನಾನು ಮಾಡಿದ್ದು ಎಕ್ಸೆಲ್ ಹಾಳೆಯಂಥ ಒಂದೇ ದೊಡ್ಡ ಟೇಬಲ್. ಶಿಲ್ಪ, ಶಿಲ್ಪಿ, ಅವನ ಊರು, ತಂದೆ, ಬಿರುದುಗಳು ಎಲ್ಲ ಒಂದೇ ಸಾಲಿನಲ್ಲಿ. ದಾಸೋಜ ಮತ್ತು ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವೆಯವರು. ಅದು ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಇಬ್ಬರೂ ಒಂದಕ್ಕಿಂತ ಹೆಚ್ಚು ಮದನಿಕೆಯರನ್ನು ಕೆತ್ತಿದ್ದರಿಂದ ಊರಿನ ಹೆಸರನ್ನು ಪ್ರತಿ ಸಾಲಿನಲ್ಲೂ ಮತ್ತೆ ಬರೆಯಬೇಕಾಯಿತು. ಒಂದು ಕಡೆ ಬಳ್ಳಿಗಾವೆ, ಇನ್ನೊಂದು ಕಡೆ ಬಳ್ಳಿಗಾವಿ, ನಿದ್ದೆಗೆಟ್ಟ ರಾತ್ರಿಯಲ್ಲಿ ಬಳಿಗಾವಿ. ನಮ್ಮ ಕಣ್ಣಿಗೆ ಒಂದೇ ಊರು, ಕಂಪ್ಯೂಟರ್‌ಗೆ ಮೂರು ಊರು. ಎಣಿಕೆ ಅಲ್ಲೂ ತಪ್ಪಿತು.

ಮದ್ದು ಸರಳ. ಒಂದು ಬಗೆಯ ಸಂಗತಿಗೆ ಒಂದು ಟೇಬಲ್. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಬರೆದ ಪ್ರಬಂಧದಿಂದ ಶುರುವಾದ ದಾರಿ ಇದು. ಮೊದಲು ‘ಶಿಲ್ಪಿ’ ಟೇಬಲ್: ‘ಕ್ರಿಯೇಟ್ ಟೇಬಲ್ ಶಿಲ್ಪಿ’ ಎಂದು ಬರೆದು, ಆವರಣದೊಳಗೆ ಕಾಲಂಗಳ ಹೆಸರು ಮತ್ತು ಬಗೆ ಕೊಡಬೇಕು. ಐಡಿ ಎಂಬ ಕಾಲಂ ಪೂರ್ಣಾಂಕ, ಅದೇ ಪ್ರೈಮರಿ ಕೀ. ಹೆಸರು ವಾರ್‌ಚಾರ್ 60, ಜೊತೆಗೆ ‘ನಾಟ್ ನಲ್’, ಅಂದರೆ ಖಾಲಿ ಬಿಡುವಂತಿಲ್ಲ. ಆಮೇಲೆ ಊರು. ಬಳ್ಳಿಗಾವೆ ಈಗ ಶಿಲ್ಪಿಗೆ ಒಂದು ಸಲ ಬರೆದರೆ ಸಾಕು. (ಊರಿಗೂ ಬೇರೆ ಟೇಬಲ್ ಮಾಡಿದರೆ ಇನ್ನೂ ಚೆಂದ. ನಾನು ಅಷ್ಟು ದೂರ ಹೋಗಲಿಲ್ಲ.) ಅಲ್ಪವಿರಾಮ ಹಾಕಿ ಒಂದೇ ಕೋಶಕ್ಕೆ ತುರುಕಿದ್ದ ಬಿರುದುಗಳನ್ನೂ ಬೇರೆ ಟೇಬಲ್‌ಗೆ ಕಳಿಸಿದೆ.

ಇಲ್ಲಿ ಕನ್ನಡದವರಿಗೊಂದು ಕಿವಿಮಾತು. ‘ಮಲ್ಲಿತಮ್ಮ’ ಎಂದರೆ ನಮಗೆ ನಾಲ್ಕು ಅಕ್ಷರ. ಒತ್ತಕ್ಷರ, ಗುಣಿತ ಎಲ್ಲ ಬಿಡಿಸಿದರೆ ಯುನಿಕೋಡ್‌ನಲ್ಲಿ ಅದು 9. ಇಂಗ್ಲಿಷ್ ಪುಸ್ತಕ ನೋಡಿ ವಾರ್‌ಚಾರ್ 10 ಎಂದು ಕೊಟ್ಟರೆ ಉದ್ದದ ಹೆಸರುಗಳು ಹಿಡಿಸುವುದಿಲ್ಲ. ಹಳೆಯ ಮೈಎಸ್‌ಕ್ಯೂಎಲ್ ಇದ್ದರೆ ಕ್ಯಾರೆಕ್ಟರ್ ಸೆಟ್ ಅನ್ನು ಯುಟಿಎಫ್8ಎಂಬಿ4 ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ದಾಸೋಜನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣಬಹುದು.

ಎರಡನೆಯದು ‘ಶಿಲ್ಪ’ ಟೇಬಲ್. ಇದರಲ್ಲಿ ಶಿಲ್ಪಿಯ ಹೆಸರಿಲ್ಲ, ಅವನ ಐಡಿ ಮಾತ್ರ ಇದೆ. ಅದೇ ಫಾರಿನ್ ಕೀ. ಶಿಲ್ಪಿ ಟೇಬಲ್‌ನಲ್ಲಿ ಇಲ್ಲದ ಐಡಿ ಕೊಟ್ಟರೆ ಡೇಟಾಬೇಸ್ ಒಪ್ಪುವುದಿಲ್ಲ. ಹೆಸರು ಸಿಗದ ಮದನಿಕೆಗೆ ಆ ಕೋಶವನ್ನು ನಲ್ ಬಿಡಬೇಕು. ನಲ್ ಎಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’ ಎಂಬ ಪದವೂ ಅಲ್ಲ, ಬೆಲೆಯೇ ಇಲ್ಲದ ಸ್ಥಿತಿ. ಹುಡುಕುವಾಗಲೂ ‘ಈಕ್ವಲ್ ಟು ನಲ್’ ಎಂದರೆ ಏನೂ ಸಿಗುವುದಿಲ್ಲ, ‘ಈಸ್ ನಲ್’ ಎನ್ನಬೇಕು. ಎರಡು ಟೇಬಲ್‌ಗಳನ್ನು ಇನ್ನರ್ ಜಾಯಿನ್ ಮಾಡಿ ಮತ್ತೆ ಎಣಿಸಿದಾಗ ಶ್ರೀಮಾನ್ ಗೊತ್ತಿಲ್ಲ ಅವರು ಪಟ್ಟಿಯಿಂದ ಮಾಯವಾದರು.

ಶಿಲ್ಪಿ ಟೇಬಲ್‌ಗೆ ‘ತಂದೆ ಐಡಿ’ ಎಂಬ ಕಾಲಂ ಸೇರಿಸಿದ್ದು ನನಗೆ ತುಂಬಾ ಇಷ್ಟವಾದ ಭಾಗ. ಅದು ಅದೇ ಟೇಬಲ್‌ನ ಐಡಿಗೆ ಕೈ ತೋರಿಸುತ್ತದೆ. ಚಾವಣನ ಸಾಲನ್ನು ಮೊದಲು ತುಂಬಲು ಹೋದರೆ ಎರರ್. ದಾಸೋಜ ಮೊದಲು ಬರಬೇಕು, ಮಗ ಆಮೇಲೆ! ಮನೆಯಲ್ಲಿ ಎಸ್‌ಕ್ಯೂಎಲೈಟ್‌ನಲ್ಲಿ ಅಭ್ಯಾಸ ಮಾಡುವವರು ಒಂದು ನೆನಪಿಡಿ: ಅದರಲ್ಲಿ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ‘ಪ್ರಾಗ್ಮಾ’ ಆದೇಶದಿಂದ ಪ್ರತಿ ಸಲ ಆನ್ ಮಾಡಬೇಕು. ಮಾಡದಿದ್ದರೆ ಹುಟ್ಟದ ತಂದೆಗೂ ಮಗನನ್ನು ಒಪ್ಪಿಕೊಳ್ಳುತ್ತದೆ.

ಹೆಸರನ್ನೇ ಪ್ರೈಮರಿ ಕೀ ಮಾಡಬಾರದೇ, ಐಡಿ ಏಕೆ ಎಂದು ನೀವು ಕೇಳಬಹುದು. ಶಾಸನಗಳನ್ನೇ ನೋಡಿ. 1902ರಲ್ಲಿ ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 5ನೇ ಸಂಪುಟದಲ್ಲಿ ಪ್ರಕಟಿಸಿದಾಗ ಪ್ರತಿ ತಾಲ್ಲೂಕಿಗೂ ಒಂದರಿಂದ ಸಂಖ್ಯೆ ಕೊಟ್ಟರು. ಬೇಲೂರು 1 ಬೇರೆ, ಅರಸೀಕೆರೆ 1 ಬೇರೆ. ತಾಲ್ಲೂಕು ಮತ್ತು ಸಂಖ್ಯೆ ಎರಡೂ ಸೇರಿದರಷ್ಟೇ ಗುರುತು. ನಮ್ಮ ಪಠ್ಯದಲ್ಲಿ ಇದನ್ನು ಕಾಂಪೋಸಿಟ್ ಕೀ ಎನ್ನುತ್ತಾರೆ. ಮುಂದೆ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಜೋಡಣೆಯೇ ಬದಲಾಯಿತು. ಹೊರಗಿನವರು ಕೊಟ್ಟ ಸಂಖ್ಯೆಯನ್ನು ನೆಚ್ಚಿಕೊಂಡ ಟೇಬಲ್ ಆಗ ಕೂತು ಅಳಬೇಕಾಗುತ್ತದೆ.

ಹೆಸರಿನ ಕಥೆ ಇನ್ನೂ ಕಷ್ಟ. ಮಲ್ಲಿತಮ್ಮನ ಸಹಿ 1196ರ ಅಮೃತಾಪುರದ ದೇಗುಲದಲ್ಲಿದೆ. ನಮ್ಮ ಪಕ್ಕದ ಜಾವಗಲ್‌ನಲ್ಲೂ ಇದೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಸೋಮನಾಥಪುರದಲ್ಲೂ ಇದೆ. ಒಬ್ಬನೇ ಮನುಷ್ಯ ಉಳಿ ಹಿಡಿದು ಅಷ್ಟು ಕಾಲ ದುಡಿದನೇ, ಅಥವಾ ಹೆಸರು ಹಂಚಿಕೊಂಡವರು ಇಬ್ಬರೇ? ಹೆಸರೇ ಕೀ ಆಗಿದ್ದರೆ ಟೇಬಲ್ ಈ ಪ್ರಶ್ನೆಯನ್ನೇ ಕೇಳಗೊಡುತ್ತಿರಲಿಲ್ಲ, ಸುಮ್ಮನೆ ಒಬ್ಬನನ್ನಾಗಿ ಮಾಡಿಬಿಡುತ್ತಿತ್ತು.

ಬೇಲೂರಿನ ಪಟ್ಟಿ ಮುಗಿಸಿ ಈಗ ಸುತ್ತಲಿನ ದೇಗುಲಗಳನ್ನೂ ಸೇರಿಸುತ್ತಿದ್ದೇನೆ. ಮಲ್ಲಿತಮ್ಮನಿಗೆ ಸದ್ಯ 14ನೇ ಐಡಿ ಕೊಟ್ಟು, 15 ಅನ್ನು ಖಾಲಿ ಬಿಟ್ಟಿದ್ದೇನೆ. ಬರುವ ಭಾನುವಾರ ಜಾವಗಲ್ ಬಸ್ ಹತ್ತಬೇಕು.