ಮನೆಗೊಂದು ಮುದ್ರಣಯಂತ್ರ: ಕೊಳ್ಳುವ ಮುನ್ನ ಕೊಂಚ ಲೆಕ್ಕ

ಆರೋಗ್ಯವನ್ನು ಕುರಿತ ಲೇಖನಗಳ ನಡುವೆ ಮುದ್ರಣಯಂತ್ರದ ಪ್ರಸ್ತಾಪವೇಕೆಂದು ವಾಚಕರು ಹುಬ್ಬೇರಿಸಬಹುದು. ಕಾರಣವನ್ನು ಮೊದಲೇ ನಿವೇದಿಸಿಬಿಡುತ್ತೇನೆ. ರಾಯಚೂರಿನಿಂದ ತಾರ್ನಾಕದ ನಮ್ಮ ಮನೆಗೆ ಬಂದಿದ್ದ ತಂದೆಯವರಿಗೆ ಕಳೆದ ವರ್ಷ ಒಂದು ಮುಂಜಾನೆ ಎದೆಯಲ್ಲಿ ಬಿಗಿತ ಕಾಣಿಸಿಕೊಂಡಿತು. ಆಸ್ಪತ್ರೆಗೆ ಕರೆದೊಯ್ದೆವು. ಇ.ಸಿ.ಜಿ. ಪರಿಶೀಲಿಸಿದ ಹೃದ್ರೋಗ ತಜ್ಞರು, "ಇಲ್ಲೊಂದು ವ್ಯತ್ಯಾಸವಿದೆ. ಇದು ಹೊಸದೋ ಹಳೆಯದೋ ತಿಳಿಯಬೇಕು. ಹಿಂದಿನ ಇ.ಸಿ.ಜಿ. ಏನಾದರೂ ಇದೆಯೇ?" ಎಂದು ಕೇಳಿದರು. ಇತ್ತು. ಮೂರು ವರ್ಷಗಳ ಹಿಂದಿನ ಆ ಹಾಳೆಯನ್ನು ತಾಯಿಯವರು ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ಜತನದಿಂದ ಕಾಪಾಡಿದ್ದರು. ಹೊರತೆಗೆದು ನೋಡಿದರೆ ಗುಲಾಬಿ ಬಣ್ಣದ ಚೌಕಳಿಯಷ್ಟೇ ಉಳಿದಿತ್ತು. ಹೃದಯ ಬರೆದ ಗೆರೆ ಸಂಪೂರ್ಣವಾಗಿ ಮಾಯವಾಗಿತ್ತು. ಹೋಲಿಸಿ ನೋಡಲು ಆಧಾರವಿಲ್ಲದುದರಿಂದ ತಂದೆಯವರು ಎರಡು ರಾತ್ರಿ ತೀವ್ರ ನಿಗಾ ಘಟಕದಲ್ಲಿ ಕಳೆಯಬೇಕಾಯಿತು. ದೈವಕೃಪೆಯಿಂದ ಗಂಡಾಂತರವೇನೂ ಇರಲಿಲ್ಲ.

ಇಂತಹ ಹಾಳೆಗೆ ಶಾಯಿಯ ಸೋಂಕೇ ಇರುವುದಿಲ್ಲವೆಂಬುದನ್ನು ನಾನು ಆಗ ಅರಿತೆ. ಕಾಗದದ ಮೈಗೆ ಲೇಪಿಸಿದ ರಾಸಾಯನಿಕವು ಬಿಸಿ ತಗುಲಿದೆಡೆ ಕಪ್ಪಾಗುತ್ತದೆ, ಅಷ್ಟೆ. ಬಿಸಿಲು, ಸೆಕೆ, ಎಣ್ಣೆಗೈ ಇವು ಆ ಕಪ್ಪನ್ನು ಅಳಿಸಬಲ್ಲವು. ಸೋಜಿಗವೆಂದರೆ, ನಾವು ರಕ್ಷಣೆಗೆಂದು ತೊಡಿಸುವ ಮೆದು ಪ್ಲಾಸ್ಟಿಕ್ಕಿನಿಂದ ಒಸರುವ ದ್ರವ್ಯವೂ ಅದನ್ನು ಅಳಿಸುತ್ತದೆ. ಔಷಧದಂಗಡಿಯ ಅನೇಕ ಬಿಲ್ಲುಗಳದೂ ಇದೇ ಜಾತಿಯ ಕಾಗದ. ವಿಮೆಯ ಹಣ ಕೇಳುವ ಹೊತ್ತಿಗೆ ಬಿಳಿಯ ಚೀಟಿಯೊಂದು ಕೈಯಲ್ಲಿ ಉಳಿದಿರುತ್ತದೆ. ಆದುದರಿಂದ ಇಂತಹವನ್ನು ಬಂದ ವಾರದಲ್ಲಿಯೇ ನಕಲು ಮಾಡಿಟ್ಟುಕೊಳ್ಳುವುದು ಲೇಸು.

ಮುದ್ರಣ, ನಕಲು, ಸ್ಕ್ಯಾನ್ ಈ ಮೂರನ್ನೂ ಮಾಡಬಲ್ಲ ಶಾಯಿಯ ಯಂತ್ರವೊಂದನ್ನು ಕೊಳ್ಳಲು ನಿಶ್ಚಯಿಸಿ ಮೆಟ್ರೊ ಹತ್ತಿದೆ. ಪರೇಡ್ ಗ್ರೌಂಡಿನಲ್ಲಿ ಇಳಿದರೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ದೂರವಿಲ್ಲ. ಗಣಕಯಂತ್ರಗಳ ಈ ಪೇಟೆ ನಮ್ಮವರಿಗೆಲ್ಲ ಪರಿಚಿತವೇ. ಅಂಗಡಿಯವರ ಮೊದಲ ಪ್ರಶ್ನೆ, "ಸಾರ್, ಬಜೆಟ್ ಎಷ್ಟು?" ನನ್ನ ನಮ್ರ ಅಭಿಪ್ರಾಯದಲ್ಲಿ ಆ ಪ್ರಶ್ನೆಯೇ ತಪ್ಪು. ತಿಂಗಳಿಗೆ ಎಷ್ಟು ಪುಟ ಎಂದು ಕೇಳಬೇಕು.

ಯಂತ್ರದ ಮರ್ಮ ಸರಳವಾದುದು. ಕೂದಲಿಗಿಂತ ಸಣ್ಣ ರಂಧ್ರಗಳಿಂದ ಶಾಯಿಯ ಹನಿಗಳನ್ನು ಕಾಗದದ ಮೇಲೆ ಚಿಮ್ಮಿಸುವುದು. ಜಪಾನಿನ ಕೆನಾನ್ ಸಂಸ್ಥೆಯ ಪ್ರಯೋಗಾಲಯದಲ್ಲಿ 1977ರಲ್ಲಿ ಬಿಸಿಯಾದ ಬೆಸುಗೆಕಡ್ಡಿಯ ತುದಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಹನಿ ಸಿಡಿಯಿತೆಂದೂ, ಅದರಿಂದಲೇ ಅವರ ವಿಧಾನ ಹೊಳೆಯಿತೆಂದೂ ಪ್ರಸಿದ್ಧಿ. ಕೆನಾನ್ ಮತ್ತು ಎಚ್.ಪಿ. ಯಂತ್ರಗಳು ಹೀಗೆ ಶಾಖದಿಂದ ಗುಳ್ಳೆ ಎಬ್ಬಿಸಿ ಹನಿಯನ್ನು ದೂಡುತ್ತವೆ. ಎಪ್ಸನ್ ಯಂತ್ರದಲ್ಲಿ ವಿದ್ಯುತ್ತು ಹರಿದಾಗ ಬಾಗುವ ಸ್ಫಟಿಕವು ಆ ಕೆಲಸ ಮಾಡುತ್ತದೆ. ಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ: ಶಾಯಿ ಬರುವುದು ಡಬ್ಬಿಯಲ್ಲಿಯೋ, ಶೀಸೆಯಲ್ಲಿಯೋ?

ಡಬ್ಬಿಯ, ಅಂದರೆ ಕಾರ್ಟ್ರಿಜ್‌ನ ಯಂತ್ರ ಅಗ್ಗ, ಅದರ ಶಾಯಿ ತುಟ್ಟಿ. ಹಿಡಿಯನ್ನು ಸೋವಿಗೆ ಕೊಟ್ಟು ಬ್ಲೇಡಿನಲ್ಲಿ ಲಾಭ ಮಾಡುವ ಹಳೆಯ ವ್ಯಾಪಾರಸೂತ್ರ. 2010ರಲ್ಲಿ ಎಪ್ಸನ್ ಸಂಸ್ಥೆ ಇಂಡೋನೇಷ್ಯದಲ್ಲಿ ತೊಟ್ಟಿಯುಳ್ಳ ಯಂತ್ರವನ್ನು ಮಾರುಕಟ್ಟೆಗೆ ತಂದು ಈ ಸೂತ್ರವನ್ನು ತಲೆಕೆಳಗು ಮಾಡಿತು. ಜನರು ತಾವಾಗಿಯೇ ಹೊರಗಡೆ ಶೀಸೆ ಕಟ್ಟಿ ಕೊಳವೆಯಿಂದ ಶಾಯಿ ಹರಿಸಲು ಕಲಿತಿದ್ದರಾದ್ದರಿಂದ ಸಂಸ್ಥೆಗೆ ಬೇರೆ ದಾರಿಯಿರಲಿಲ್ಲವೆನ್ನಿ. ಇತರರೂ ಹಿಂಬಾಲಿಸಿದರು. ಎಪ್ಸನ್‌ನ 003 ಎಂಬ 65 ಮಿಲಿಲೀಟರಿನ ಕಪ್ಪು ಶೀಸೆಯಿಂದ ಸುಮಾರು 4,500 ಪುಟಗಳನ್ನೂ, ಕೆನಾನ್‌ನ 790 ಕಪ್ಪು ಶೀಸೆಯಿಂದ ಸುಮಾರು 6,000 ಪುಟಗಳನ್ನೂ ತಯಾರಕರು ಹೇಳುತ್ತಾರೆ.

ಇನ್ನು ಲೆಕ್ಕ. ಬೆಲೆಗಳು ಪದೇ ಪದೇ ಬದಲಾಗುವುದರಿಂದ ಸುಲಭದ ಅಂಕಿಗಳನ್ನಿಟ್ಟುಕೊಳ್ಳೋಣ. ತಮ್ಮ ಅಂಕಿಗಳನ್ನು ವಾಚಕರು ಬದಲಿಸಿಕೊಳ್ಳಲಿ. ಡಬ್ಬಿಯ ಯಂತ್ರಕ್ಕೆ 4,000 ರೂಪಾಯಿ, ಪುಟಕ್ಕೆ ಶಾಯಿ 5 ರೂಪಾಯಿ. ತೊಟ್ಟಿಯದಕ್ಕೆ 12,000 ರೂಪಾಯಿ, ಪುಟಕ್ಕೆ 30 ಪೈಸೆ. ಹೆಚ್ಚು ತೆತ್ತ 8,000 ರೂಪಾಯಿಗಳನ್ನು ಪುಟವೊಂದರ 4 ರೂಪಾಯಿ 70 ಪೈಸೆಯ ಉಳಿತಾಯದಿಂದ ಭಾಗಿಸಿದರೆ 1,700 ಪುಟಗಳಲ್ಲಿ ಸರಿದೂಗುತ್ತದೆ. ತಿಂಗಳಿಗೆ ನೂರು ಪುಟ ತೆಗೆಯುವ ಮನೆಗೆ ಹದಿನೇಳು ತಿಂಗಳು. ನಲವತ್ತು ಪುಟದ ಮನೆಗೆ ಮೂರೂವರೆ ವರ್ಷ. ತೊಟ್ಟಿಯ ಯಂತ್ರ ಗೆದ್ದಿತೆಂದು ಇಲ್ಲಿಗೇ ನಿಲ್ಲಿಸಿದರೆ ಅದು ಅಂಗಡಿಯವರ ಲೆಕ್ಕ. ಮೂರನೆಯ ಕಕ್ಷಿಯೊಂದಿದೆ: ಬೀದಿಯ ಝೆರಾಕ್ಸ್ ಅಂಗಡಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯಲ್ಲಿರುವ ನಮಗೆ ಅದಕ್ಕೇನೂ ಕೊರತೆಯಿಲ್ಲ. ಅಲ್ಲಿ ಪುಟಕ್ಕೆ 2 ರೂಪಾಯಿ, ಕಾಗದ ಸೇರಿ. ಮನೆಯಲ್ಲಿ ಕಾಗದಕ್ಕೆ 60 ಪೈಸೆ ಸೇರಿಸಿದರೆ 90 ಪೈಸೆ. ಪುಟಕ್ಕೆ ಉಳಿಯುವುದು ಒಂದು ರೂಪಾಯಿ ಹತ್ತು ಪೈಸೆ. ಆ 12,000 ರೂಪಾಯಿ ಹಿಂದಿರುಗಬೇಕಾದರೆ ಸುಮಾರು 10,900 ಪುಟ. ತಿಂಗಳಿಗೆ ನಲವತ್ತರಂತೆ ಇಪ್ಪತ್ತೆರಡು ವರ್ಷಗಳಿಗೂ ಮಿಗಿಲು! ಅಷ್ಟು ಕಾಲ ಯಂತ್ರವಂತೂ ಬಾಳದು. ಸಾಲದ ಅರ್ಜಿಯೊಂದರಲ್ಲಿ ಈ ಅಂಕಿಗಳು ಬಂದಿದ್ದರೆ ನಾನು ಮಂಜೂರು ಮಾಡುತ್ತಿರಲಿಲ್ಲ.

ಹಾಗಿದ್ದರೂ ಕೊಂಡೆ. ಏಕೆಂದರೆ ಅಂಗಡಿಗೆ ಹೋಗಿ ನಾವು ಮಾಡುವುದಾದರೂ ಏನು? ಆಧಾರ್ ಚೀಟಿ, ಪಾಸ್‌ಪುಸ್ತಕದ ಪುಟ, ರಕ್ತಪರೀಕ್ಷೆಯ ವರದಿ ಎಲ್ಲವನ್ನೂ ಅಪರಿಚಿತರ ವಾಟ್ಸ್ಆಪ್‌ಗೆ ಕಳುಹಿಸಿ, ಅದು ಅಲ್ಲಿಯೇ ಉಳಿಯಿತೋ ಅಳಿಯಿತೋ ನೋಡದೆ ಬರುತ್ತೇವೆ. 2020ರ ಲಾಕ್‌ಡೌನಿನಲ್ಲಿ ಆ ಅಂಗಡಿಗಳೂ ಬಾಗಿಲು ಮುಚ್ಚಿ, ಮಕ್ಕಳ ಪಾಠದ ಹಾಳೆಗಳಿಗೆ ಪರದಾಡಿದ್ದು ಯಾರಿಗೆ ಮರೆತಿದೆ? ಇವಕ್ಕೆ ಬೆಲೆ ಕಟ್ಟುವ ಕ್ರಮ ವಾಣಿಜ್ಯಶಾಸ್ತ್ರದಲ್ಲಿ ನಾನು ಓದಿದ್ದು ನೆನಪಿಲ್ಲ.

ತೊಟ್ಟಿಯ ಯಂತ್ರವೇ ಸರ್ವರಿಗೂ ಉತ್ತಮವೆಂದು ಮಾತ್ರ ಹೇಳಲಾರೆ. ಶಾಯಿ ದ್ರವವಾದುದರಿಂದ ಬಳಸದಿದ್ದರೆ ರಂಧ್ರಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಹೈದರಾಬಾದಿನ ಏಪ್ರಿಲ್-ಮೇ ತಿಂಗಳುಗಳ ಒಣಹವೆಯಲ್ಲಂತೂ ಹೇಳಬೇಕಾಗಿಲ್ಲ. ನಾವು ಮನೆಗೆ ಬೀಗ ಹಾಕಿ ಊರಿಗೆ ಹೊರಡುವುದೂ ಅದೇ ಕಾಲಕ್ಕೆ. ಎಚ್.ಪಿ.ಯ ಅನೇಕ ಸಣ್ಣ ಯಂತ್ರಗಳಲ್ಲಿ ರಂಧ್ರಗಳುಳ್ಳ ಭಾಗವು ಡಬ್ಬಿಯೊಂದಿಗೇ ಬರುವುದರಿಂದ, ಅದು ಕಟ್ಟಿಕೊಂಡರೆ ಡಬ್ಬಿ ಬದಲಿಸಿದರಾಯಿತು. ವರ್ಷದಲ್ಲಿ ಎರಡು ತಿಂಗಳು ಊರಿನಲ್ಲಿರುವ, ಅಪರೂಪಕ್ಕೊಮ್ಮೆ ಹತ್ತು ಪುಟ ತೆಗೆಯುವ ವೃದ್ಧ ದಂಪತಿಗಳಿಗೆ ಅಗ್ಗದ ಡಬ್ಬಿಯ ಯಂತ್ರವೇ ಸೂಕ್ತ. ತೊಟ್ಟಿಯದನ್ನು ಕೊಂಡವರು ವಾರಕ್ಕೊಂದಾದರೂ ಬಣ್ಣದ ಪುಟ ತೆಗೆಯಬೇಕು. ಗೋಡೆಯ ಸ್ವಿಚ್ಚನ್ನು ಆರಿಸುವ ಮುನ್ನ ಯಂತ್ರದ ಗುಂಡಿಯನ್ನೇ ಒತ್ತಿ ನಿಲ್ಲಿಸಬೇಕು. ಆಗ ಮಾತ್ರ ಅದು ತನ್ನ ತಲೆಯನ್ನು ಮುಚ್ಚಳದ ಕೆಳಗೆ ಸರಿಸಿಕೊಳ್ಳುತ್ತದೆ. ಮೇಲಿಂದ ಮೇಲೆ ಶುಚಿಗೊಳಿಸುವ ಆಜ್ಞೆ ಕೊಟ್ಟರೆ ಶಾಯಿಯೇ ವ್ಯಯವಾಗಿ ಒಳಗಿನ ಹೀರುಬಟ್ಟೆಗೆ ಸೇರುತ್ತದೆಂಬುದೂ ನೆನಪಿರಲಿ.

ಲೇಸರ್ ಯಂತ್ರದ ಮಾತೇನೆಂದು ಕೆಲವರು ಕೇಳುವರು. ಪುಡಿ ಒಣಗುವ ಭಯವಿಲ್ಲ, ಅಕ್ಷರ ನೀರಿಗೆ ಕದಡದು. ಆದರೆ ಬಣ್ಣದ್ದು ದುಬಾರಿ. ಕೆಲವು ಲೇಸರ್ ಯಂತ್ರಗಳು ಅತಿಸೂಕ್ಷ್ಮ ಕಣಗಳನ್ನು ಗಾಳಿಗೆ ಬಿಡುವುದನ್ನು 2007ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದರು. ಮಲಗುವ ಕೋಣೆಯಲ್ಲಿ ಇಡದೆ ಕಿಟಕಿಯ ಬಳಿ ಇಡುವುದು ವಿವೇಕ.

ಗಾಜಿನ ವಿಚಾರದಲ್ಲಿ ಜಿಪುಣತನ ಬೇಡ. ಫೋನಿನಲ್ಲಿಯೇ ಚಿತ್ರ ತೆಗೆಯಬಹುದಲ್ಲ ಎನ್ನುವವರಿಗೆ ನನ್ನ ಉತ್ತರ ಇ.ಸಿ.ಜಿ.ಯೇ. ಸಾಮಾನ್ಯ ವೇಗದಲ್ಲಿ ಅದರ ಒಂದು ಮಿಲಿಮೀಟರ್ ಅಗಲವೆಂದರೆ 0.04 ಸೆಕೆಂಡು, ಓರೆಯಾಗಿ ತೆಗೆದ ಚಿತ್ರದಲ್ಲಿ ಚೌಕಗಳು ಸೊಟ್ಟಗಾಗುತ್ತವೆ. ಗಾಜಿನ ಮೇಲೆ ಹರಡಿ, 300 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿ, ಪುಟಕ್ಕೆ ಹೊಂದಿಸದೆ ನೂರಕ್ಕೆ ನೂರು ಅಳತೆಯಲ್ಲಿಯೇ ಮುದ್ರಿಸಬೇಕು. ಸಾಮಾನ್ಯ ಗಾಜು ಎ-4 ಅಳತೆಯದು. ಊರಿನ ಕ್ರಯಪತ್ರಗಳು ಲೀಗಲ್ ಹಾಳೆಯಲ್ಲಿದ್ದರೆ ಮೇಲಿನಿಂದ ಹಾಳೆ ಎಳೆದುಕೊಳ್ಳುವ ಸೌಲಭ್ಯ ಬೇಕಾಗುತ್ತದೆ. ಅದಕ್ಕೆ ಬೆಲೆಯೂ ಏರುತ್ತದೆ. ವೈಫೈ ಇರಲಿ. ಎರಡೂ ಮಗ್ಗುಲಿಗೆ ತಾನಾಗಿ ಮುದ್ರಿಸುವ ಸೌಕರ್ಯವಿಲ್ಲದಿದ್ದರೆ ಹಾಳೆಯನ್ನು ಕೈಯಿಂದ ಮಗುಚಿದರಾಯಿತು.

ಕನ್ನಡದ ಮಾತೊಂದು ಉಳಿಯಿತು. ಕೇರಿಯವರು ತಮ್ಮ ಕನ್ನಡ ವ್ಯಾಕರಣವನ್ನು 1817ರಲ್ಲಿ ಅಚ್ಚು ಹಾಕಿಸಿದ್ದು ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಹೊರನಾಡಿನಲ್ಲಿ ಕನ್ನಡ ಮುದ್ರಿಸುವ ಪಾಡು ಇಂದಿನದಲ್ಲ. ಊರಿನಿಂದ ಮಿತ್ರರು ಹಳೆಯ ನುಡಿ ಲಿಪಿಯಲ್ಲಿ ಬೆರಳಚ್ಚಿಸಿ ಕಳುಹಿಸಿದ ಕಡತ, ಆ ಲಿಪಿಯಿಲ್ಲದ ಇಲ್ಲಿನ ಗಣಕದಲ್ಲಿ ರೋಮನ್ ಅಕ್ಷರಗಳ ಚಿಂದಿಯಾಗಿ ತೋರುತ್ತದೆ. ತಪ್ಪು ಮುದ್ರಣಯಂತ್ರದ್ದಲ್ಲ. ಯೂನಿಕೋಡ್‌ನಲ್ಲಿಯೋ, ಪಿ.ಡಿ.ಎಫ್. ಆಗಿಯೋ ಕಳುಹಿಸಿರೆಂದು ಹೇಳಿದರೆ ಸಾಕು. ಶಾಯಿ ಉಳಿಸುವ ಕರಡು ವಿಧಾನ ಇಂಗ್ಲಿಷಿಗೆ ನಡೆದೀತು. ನಮ್ಮ ಒತ್ತಕ್ಷರಗಳ ಸಣ್ಣ ಸುಳಿಗಳು ಅದರಲ್ಲಿ ಮಸುಕಾಗುತ್ತವೆ.

ಈಗ ತಂದೆಯವರ ಕಡತದಲ್ಲಿ ಹೊಸ ಇ.ಸಿ.ಜಿ.ಯ ಎರಡು ನಕಲುಗಳಿವೆ, ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಕಾಗದದ ಲಕೋಟೆಯಲ್ಲಿ. ಮಾತ್ರೆಗಳ ಪಟ್ಟಿಯನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ, ಬೆಳಗಿನದು ಹಳದಿ, ರಾತ್ರಿಯದು ನೀಲಿ ಎಂದು ಬಣ್ಣ ಕೊಟ್ಟು ಮುದ್ರಿಸಿದ್ದೇನೆ. ನಮ್ಮ ಯಂತ್ರದ ಶಾಯಿ ನೀರಿಗೆ ಕದಡುವ ಜಾತಿಯದಾದ್ದರಿಂದ ಮೊದಲ ಪಟ್ಟಿ ನೀರಿನ ಲೋಟದಡಿ ಸಿಕ್ಕಿ ಹಾಳಾಯಿತು. ತಾಯಿಯವರು ರಾಯಚೂರಿನಿಂದ ಫೋನು ಮಾಡಿ ಇನ್ನೊಂದು ಪ್ರತಿ ಬೇಕೆಂದಿದ್ದಾರೆ. ಹಾಗೆಯೇ, ಪಕ್ಕದ ಮನೆಯ ಅಜ್ಜಿಯ ಮಾತ್ರೆಗಳ ಚೀಟಿಯನ್ನೂ ಕಳುಹಿಸಿದ್ದಾರೆ.