ಮೂಲ ಗೊತ್ತಿಲ್ಲದ ಅಮೃತಶಿಲೆ

ಅದೊಂದು ಬಿಳಿ ಅಮೃತಶಿಲೆಯ ಚಪ್ಪಡಿ. ಯಾವ ಗಣಿಯದೆಂದು ದಾಖಲೆಯಲ್ಲೇ ಇಲ್ಲ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಇರ್ವಿಂಗ್ ಫ್ರೀಡ್‌ಮನ್ ಮತ್ತು ಸಂಗಡಿಗರು ಅದನ್ನು ಕುಟ್ಟಿ, ಜರಡಿ ಹಿಡಿದು, ಸಣ್ಣ ರವೆಯಂಥ ಕಾಳುಗಳನ್ನು ಆರಿಸಿಕೊಂಡರು. ಎನ್‌ಬಿಎಸ್-19 ಎಂಬ ಆ ಪುಡಿಯೇ ಮುಂದೆ ಜಗತ್ತಿನ ಇಂಗಾಲ ಐಸೊಟೋಪ್ ಅಳತೆಗೆಲ್ಲ ಆಧಾರವಾಯಿತು. ಊರು ಕೇರಿ ಗೊತ್ತಿಲ್ಲದ ಕಲ್ಲಿಗೆ ಎಂಥ ಪಟ್ಟ!

ಇಂಗಾಲದಲ್ಲಿ ಇಂಗಾಲ-12ರದ್ದೇ ದರ್ಬಾರು. ತುಸು ಭಾರದ ಇಂಗಾಲ-13 ನೂರಕ್ಕೆ ಒಂದರಷ್ಟು. ಈ ಪಾಲು ಕಬ್ಬು, ಜೋಳ, ರಾಗಿಯಲ್ಲಿ ಒಂದು ಬಗೆ, ಭತ್ತದಲ್ಲಿ ಇನ್ನೊಂದು. ಜೇನುತುಪ್ಪಕ್ಕೆ ಬೆರೆಸಿದ ಕಬ್ಬಿನ ಸಕ್ಕರೆ ಸಿಕ್ಕಿಬೀಳುವುದು ಹೀಗೆಯೇ. ಗಾಳಿಯಲ್ಲಿ ಕಲ್ಲಿದ್ದಲು, ಪೆಟ್ರೋಲಿನ ಹೊಗೆ ಎಷ್ಟು ಸೇರಿದೆ ಎಂಬುದಕ್ಕೂ ಇದೇ ಸಾಕ್ಷಿ. ಆದರೆ ವ್ಯತ್ಯಾಸಗಳನ್ನು ಎಣಿಸುವುದು ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಎಲ್ಲ ಪ್ರಯೋಗಾಲಯಗಳೂ ಒಂದೇ ಮಾದರಿಗೆ ಹೋಲಿಸಿ ಹೇಳದಿದ್ದರೆ ಒಬ್ಬರ ಅಂಕಿ ಇನ್ನೊಬ್ಬರಿಗೆ ತಾಳೆಯಾಗದು.

ಮೊದಲ ಮಾದರಿ ದಕ್ಷಿಣ ಕೆರೊಲಿನಾದ ಪೀ ಡೀ ಶಿಲಾಸ್ತರದ್ದು. ಕರಾವಳಿಯವರ ಬೊಂಡಾಸ್‌ಗೆ ದೂರದ ನಂಟಿನ, ಡೈನೋಸಾರ್ ಕಾಲದ ಬೆಲೆಮ್ನೈಟ್ ಪ್ರಾಣಿಯ ಪಳೆಯುಳಿಕೆ. ಷಿಕಾಗೊದಲ್ಲಿ ಹೆರಾಲ್ಡ್ ಯೂರಿ ಬಳಗ ಬಳಸುತ್ತಿದ್ದ ಇದರ ಲೆಕ್ಕವನ್ನು 1957ರಲ್ಲಿ ಹಾರ್ಮನ್ ಕ್ರೇಗ್ ಖಚಿತಗೊಳಿಸಿದರು. ಆಮ್ಲದಲ್ಲಿ ಕರಗಿಸಿಯೇ ಅಳೆಯಬೇಕು, ಪಳೆಯುಳಿಕೆ ಮುಗಿದೇಹೋಯಿತು. ಆಗ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯಲ್ಲಿ (ಐಎಇಎ) ತಜ್ಞರು ಸೇರಿ, ಎನ್‌ಬಿಎಸ್-19ರ ಬೆಲೆ ಸಾವಿರಕ್ಕೆ +1.95 ಎಂದು ಗೊತ್ತುಮಾಡಿ ಹೊಸ ಮಾಪಕ ಕಟ್ಟಿದರು.

ಒಂದೇ ಕಲ್ಲು ಸಾಲದು, ಮಾಪಕದ ಇನ್ನೊಂದು ತುದಿಗೂ ಗೂಟ ಬೇಕು. 2006ರಲ್ಲಿ ಎಲ್‌ಎಸ್‌ವೆಕ್ ಎಂಬ ಲಿಥಿಯಂ ಕಾರ್ಬೊನೇಟ್ ಪುಡಿಗೆ -46.6 ಎಂಬ ಸ್ಥಾನ ಸಿಕ್ಕಿತು. ಗೂಟವೇ ಜರುಗುತ್ತಿದೆ ಎಂದು ತಿಳಿದದ್ದು ವರ್ಷಗಳ ಮೇಲೆ: ಶೀಶೆಯಲ್ಲಿದ್ದ ಪುಡಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತಿತ್ತು, ಬೆಲೆ ಮೆಲ್ಲಗೆ ಏರುತ್ತಿತ್ತು. ಕೊನೆಗೆ ಅದನ್ನು ಕೈಬಿಡಬೇಕಾಯಿತು.

ಅಷ್ಟರಲ್ಲಿ ಎನ್‌ಬಿಎಸ್-19 ಕೂಡ ಬರಿದಾಗಿತ್ತು. ಅದರ ಉತ್ತರಾಧಿಕಾರಿ ಐಎಇಎ-603 ಇಟಲಿಯ ಕರಾರಾ ಅಮೃತಶಿಲೆ. ಈ ಸಲ ಊರು ಗೊತ್ತಿದೆ, ಬಾಯಿ ಬೆಸೆದ ಗಾಜಿನ ಆಂಪೂಲ್‌ಗಳಲ್ಲಿ ಬರುತ್ತದೆ. ಇಂಥದ್ದೊಂದನ್ನು ಸಿದ್ಧಪಡಿಸಿ, ಕಾಳು ಕಾಳೂ ಒಂದೇ ಸಮ ಎಂದು ಪರೀಕ್ಷಿಸುವವರಿಗೆ ಸಂಶೋಧನಾ ಪ್ರಬಂಧದಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಎಲ್‌ಎಸ್‌ವೆಕ್‌ಗೆ ಹೊಂದಿಸಿ ಪ್ರಕಟಿಸಿದ ಅಂಕಿಗಳನ್ನು ಈಗ ಮತ್ತೆ ತಿದ್ದಿ ನೋಡಬೇಕಿದೆ. ಯಾವ ಶೀಶೆ, ಯಾವಾಗ ತೆರೆದದ್ದು ಎಂದು ಬರೆದಿಟ್ಟುಕೊಳ್ಳದವರಿಗೆ ಆ ದಾರಿಯೂ ಸಲೀಸಲ್ಲ.